ಕೊಸರು

ನೂಲಿನ ಗಿರಣಿಗಳಿಗೆ ಬಾಬಿನ್ನು ಕಡೆಯುತ್ತಿದ್ದ ಅಪ್ಪ.
ಮ್ಯಾಂಚೆಸ್ಟರಿನ ಹೊಗೆ ನಮ್ಮ ಕಿಟಕಿಗೆ
ಮಧ್ಯಾಹ್ನಕ್ಕೇ ಸಂಜೆ ತರುತ್ತಿತ್ತು.
ಅಂಥ ಒಂದು ಮಧ್ಯಾಹ್ನ
ಕಪ್ಪು ಕೋಟಿನ ಮೇಷ್ಟರೊಬ್ಬರು ಬಂದು
ಲೇತಿನ ಪಕ್ಕ ಚೀಟಿ ಇಟ್ಟರು:
ಅಂಗುಲ ದಪ್ಪದ ಮರದ ಗುಂಡು, ಎರಡು ಡಜನ್,
ಅರ್ಧಕ್ಕೆ ಬಿಳಿ ಬಣ್ಣ, ಅರ್ಧಕ್ಕೆ ಕೆಂಪು,
ಕಡ್ಡಿ ಸಿಗಿಸಲು ಒಂದೊಂದಕ್ಕೂ ತೂತು.

‘ಯಾವ ಆಟಕ್ಕೆ?’
‘ಆಟಕ್ಕಲ್ಲ ಕ್ಲೆಗ್, ಪಾಠಕ್ಕೆ. ಇವು ಪರಮಾಣು.
ಇನ್ನು ಕತ್ತರಿಸಲಾಗದ್ದು ಅಂತ ಅರ್ಥ.’
ಅಪ್ಪ ಉಳಿಯ ಮೊನೆ ನೋಡಿದ:
‘ಕತ್ತರಿಸಲಾಗದ್ದನ್ನ ನನ್ನ ಕೈಲಿ
ಕತ್ತರಿಸಿ ಮಾಡಿಸ್ತೀರಿ!’
ನಗಲು ಹೋದ. ನಗು ಕೆಮ್ಮಾಯಿತು.

ನಾನು ಎಂಟರವಳು, ಹೊಟ್ಟು ಗುಡಿಸುವವಳು.
ಚಿಟಿಕೆಯಷ್ಟು ತೆಗೆದು ಉಜ್ಜಿ ತೋರಿಸಿದೆ, ಇಷ್ಟಾ?
ಇನ್ನೂ ಸಣ್ಣದು, ಅಂದರು ಮೇಷ್ಟರು.
ಊದಿದೆ. ಬಿಸಿಲುಕೋಲಿಲ್ಲದ ಊರು,
ಹಾರಿದ್ದು ಕಾಣಲಿಲ್ಲ. ಇಷ್ಟಾ?
ಇನ್ನೂ.

ವಾರ ಬಿಟ್ಟು ಬಂದವರು
ಒಂದು ಬಿಳಿ, ಒಂದು ಕೆಂಪು ಸಿಗಿಸಿ
ನನ್ನ ಅಂಗೈಗಿಟ್ಟರು.
‘ಟ್ಯಾಬಿತಾ, ಇದು ನೀರು.’
ಒಣಗಿತ್ತು ನೀರು. ಬೀಚ್ ಮರದ ವಾಸನೆ.
‘ಒಂದಕ್ಕೆ ಒಂದೇ ಯಾಕೆ?’
ಮೇಷ್ಟರು ತುಸು ತಡೆದರು.
‘ಬೇರೆ ಪುರಾವೆ ಸಿಗುವತನಕ
ಸರಳವಾದದ್ದನ್ನೇ ನಂಬಬೇಕು, ಮಗು.’

ಡಜನ್ನಿನ ಮೇಲೊಂದು ಕೊಸರು, ಅಪ್ಪನ ರೂಢಿ.
ಬಿಳಿಯದೊಂದು ಹೆಚ್ಚಿಗೆ ಕಡೆದಿದ್ದ.
ಮೇಷ್ಟರು ಎರಡು ಸಲ ಎಣಿಸಿ
ಇಪ್ಪತ್ತನಾಲ್ಕು ಚೀಲಕ್ಕೆ ಹಾಕಿದರು.
‘ಇದು ಲೆಕ್ಕಕ್ಕಿಲ್ಲ’ ಅಂತ
ಇಪ್ಪತ್ತೈದನೆಯದನ್ನು ಬಿಟ್ಟುಹೋದರು.

ಅಪ್ಪ ಹೋದ, ಎದೆಯ ತುಂಬ ಹೊಟ್ಟು ತುಂಬಿಕೊಂಡು.
ಮೇಷ್ಟರೂ ಹೋದರಂತೆ.
ಗುಂಡು ನನ್ನಲ್ಲೇ ಉಳಿಯಿತು.
ಹರಿದ ಕಾಲುಚೀಲದೊಳಗೆ ಅದನ್ನಿಟ್ಟು
ಮೂರು ಮಕ್ಕಳ, ಏಳು ಮೊಮ್ಮಕ್ಕಳ
ಹಿಮ್ಮಡಿ ಹೊಲಿದಿದ್ದೇನೆ.
ಬಿಳಿ ಯಾವತ್ತೋ ಸವೆದಿದೆ.
ಸೂಜಿ ಆಗಾಗ ಅದರ ತೂತಿಗೆ ಸಿಕ್ಕಿಕೊಳ್ಳುತ್ತದೆ,
ಆಗ ಅಪ್ಪನನ್ನು ಬೈಯುತ್ತೇನೆ.

ನಿನ್ನೆ ರಾತ್ರಿ ಪಾಠ ಮುಗಿಸಿ ಬಂದ ಈನಕ್
ಬೂಟು ಬಿಚ್ಚುವ ಮೊದಲೇ ಶುರುಮಾಡಿದ:
‘ಅಜ್ಜೀ, ನೀರಿಗೆ ಒಂದಲ್ಲವಂತೆ, ಎರಡು ಬೇಕಂತೆ
ಜಲಜನಕ. ಹಿಂದಿನವರಿಗೆ
ಒಂದು ಕಡಿಮೆ ಬಿದ್ದಿತ್ತಂತೆ.’

ಕೈಯ ಸೂಜಿ ನಿಂತಿತು.
ಕಾಲುಚೀಲದ ಮೇಲಿಂದಲೇ ಸವರಿದೆ,
ಗುಂಡಗೆ, ಬೆಚ್ಚಗೆ, ಅಲ್ಲೇ ಇತ್ತು.

‘ನಿಮ್ಮ ಮೇಷ್ಟರಿಗೆ ಇದನ್ನು ಕೊಟ್ಟು ಬಾ,
ಕ್ಲೆಗ್ ಅಂಗಡಿಯ ಬಾಕಿ ಅಂತ ಹೇಳು’
ಅಂದವಳು ಮತ್ತೆ ಅಂದೆ:
ಇವತ್ತು ಬೇಡ. ನಾಳೆ.
ನಿನ್ನ ಹಿಮ್ಮಡಿ ಇನ್ನೂ ಅರ್ಧ ಉಳಿದಿದೆ.