ನಿಮ್ಮದು ಯಾವ ಪುಟ?

ನವೆಂಬರಿನ ಮೊದಲ ವಾರ ಬಂತು ಆ ಪೆಟ್ಟಿಗೆ.
ಮೇಲೆ ದಪ್ಪಕ್ಷರ: ಲೋಕ ಸಂಗೀತ, ಒಂದರಿಂದ ಐದನೇ ಕ್ಲಾಸು.
ಒಳಗೆ ಎರಡು ಡೋಲು, ಒಂದು ಗಿಲಕಿ,
ದೇಶಕ್ಕೊಂದು ಪುಟ, ಪುಟಕ್ಕೊಂದು ಹಾಡು,
ಹಾಡಿನ ಕೆಳಗೆ ಬಾವುಟ.

ನಾನು ಶ್ರದ್ಧೆಯ ಟೀಚರು. ಪಾತ್ರೆ ತೊಳೆಯುತ್ತ
ಗೊತ್ತಿಲ್ಲದ ಮಾತನ್ನು ಬಾಯಿಪಾಠ ಮಾಡಿದೆ.
ಮರುದಿನ ಮೂರನೇ ಪಿರಿಯಡ್ಡಿನಲ್ಲಿ
ಸೊಮಾಲಿಯಾದ ಪುಟ ತೆರೆದು, ಡೋಲು ಬಡಿದು ಹಾಡಿದೆ,
ಇದಿಲಳ ಮುಖವನ್ನೇ ನೋಡುತ್ತ,
ಉಡುಗೊರೆ ಕೊಟ್ಟವರು ಬಿಚ್ಚುವ ಕೈಯನ್ನೇ ನೋಡುವ ಹಾಗೆ.

ಅವಳು ಬೆರಳೆತ್ತಿದಳು:
"ಟೀಚರ್, ಇದು ಯಾವ ದೇಶದ್ದು?"

ಎಲ್ಲರೂ ನಕ್ಕರು. ನಾನೂ ನಕ್ಕೆ.
ಕಿವಿ ಮಾತ್ರ ಸುಡುತ್ತಿತ್ತು.

ಗುರುವಾರ ಅವಳಪ್ಪ ಬಂದರು,
ಬೂಟು ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ.
ಟೋಪಿಯ ಹಿಮ ಕೊಡವಿ ಬಾಗಿಲಲ್ಲೇ ನಿಂತು ಮೆಲ್ಲಗೆ ಹೇಳಿದರು:
ನಮ್ಮ ಮನೆಯಲ್ಲಿ ವಾದ್ಯ ಬೇಡ ಅನ್ನುತ್ತೇವೆ.
ದನಿಗೆ ಅಡ್ಡಿಯಿಲ್ಲ. ಚಪ್ಪಾಳೆಗೆ ಅಡ್ಡಿಯಿಲ್ಲ.
ಡೋಲು ಬಡಿಯುವಾಗ ಅವಳನ್ನು ಲೈಬ್ರರಿಗೆ ಕಳಿಸಬಹುದೆ?
ಅವಳನ್ನು ಕಳಿಸಲಾರೆ ಅಂದೆ.
ಇಬ್ಬರೂ ಕೊಂಚ ಹೊತ್ತು ನೆಲ ನೋಡಿದೆವು.
ಕೊನೆಗೆ ಡೋಲುಗಳನ್ನೇ ಲೈಬ್ರರಿಗೆ ಕಳಿಸಿದೆ.

ಕಾಂಗೋ ಪುಟಕ್ಕಾಗಿ ದಿನ ಎಣಿಸುತ್ತಿದ್ದ ಎಂಬುಯಿ
ನನ್ನೊಡನೆ ಮಾತು ಬಿಟ್ಟ. ಅದೂ ನ್ಯಾಯವೇ.

ಸೋಮವಾರ ಇದಿಲ್ ಚೀಲದಿಂದ ತೆಗೆದಳು
ಕಪ್ಪುಗಟ್ಟಿದ ಮರದ ಗಂಟೆ.
ಒಂಟೆಯ ಕೊರಳಿನದು; ಅಜ್ಜಿಯ ಬಟ್ಟೆಗಂಟಿನಲ್ಲಿ
ಎರಡು ಶಿಬಿರ, ಮೂರು ವಿಮಾನ ದಾಟಿ ಬಂದದ್ದು.
"ಇದು ವಾದ್ಯ ಅಲ್ಲ," ಮೊದಲೇ ಹೇಳಿಬಿಟ್ಟಳು,
"ಒಂಟೆ ಕಳೆದುಹೋಗದಿರಲಿ ಅಂತ."
ಅಲ್ಲಾಡಿಸಿದಳು. ಟೊಕ್. ಟೊಕ್ ಟೊಕ್.
ಕಂಚಿನ ಗಂಟೆಯ ಹಾಗೆ ಗುಂಯ್‌ಗುಡುವುದಿಲ್ಲ ಅದು,
ಬಿದ್ದಲ್ಲೇ ಮುಗಿಯುತ್ತದೆ, ಹೆಜ್ಜೆಯಂತೆ.
ಅದರ ಮೇಲೆ, ಅಜ್ಜಿ ಚಾಪೆ ಹೆಣೆಯುತ್ತ ಗುನುಗುವ ಒಂದು ಸಾಲು.
ಅರ್ಥ ಕೇಳಿದರೆ,
"ಗೊತ್ತಿಲ್ಲ. ಅಜ್ಜಿಗೂ ಅರ್ಧ ಮರೆತಿದೆ."

ಆಮೇಲೆ, "ಟೀಚರ್, ನಿಮ್ಮದು ಯಾವ ಪುಟ?"

ತಿರುವಿದೆ. ಬಾವುಟಗಳಿದ್ದವು, ನಾನಿರಲಿಲ್ಲ.
ನನ್ನಜ್ಜಿ ಆಲ್ಬರ್ಟೀನ್ ಕ್ವಿಬೆಕ್ಕಿನಿಂದ ರೈಲು ಹತ್ತಿ
ಈ ಲೂಯಿಸ್ಟನ್ನಿನ ಹತ್ತಿ ಮಿಲ್ಲಿಗೆ ಬಂದವಳು.
ಇದೇ ಊರಿನ ಶಾಲೆಯಲ್ಲಿ ಫ್ರೆಂಚ್ ಆಡಿದ್ದಕ್ಕೆ
ಅಮ್ಮನ ಅಂಗೈಗೆ ಸ್ಕೇಲಿನ ಏಟು ಬಿದ್ದಿತ್ತು;
ಅಮ್ಮ ಅದನ್ನು ನನಗೆ ದಾಟಿಸಲೇ ಇಲ್ಲ.
ಸತ್ತವರ ಹೆಸರುಗಳು, ಎರಡು ಬೈಗುಳ,
ಇಷ್ಟೇ ನನ್ನ ಪಾಲಿನ ಆಸ್ತಿ ಅಂದುಕೊಂಡಿದ್ದೆ.

ಆದರೆ ಶನಿವಾರ ರಾತ್ರಿ, ಅಡುಗೆಮನೆಯಲ್ಲಿ,
ಅಜ್ಜಿ ಕುರ್ಚಿಯ ಮೇಲೆ ಕೂತೇ ನೆಲ ಕುಟ್ಟುತ್ತಿದ್ದಳು:
ಹಿಮ್ಮಡಿ, ಬೆರಳು, ಹಿಮ್ಮಡಿ, ಇನ್ನೊಂದು ಕಾಲು,
ಮೊಣಕಾಲ ಮೇಲೆ ಜೋಡಿ ಚಮಚ;
ಹಗಲೆಲ್ಲ ಮಗ್ಗದ ಮುಂದೆ ನಿಂತ ಕಾಲುಗಳು
ಕೂತ ಮೇಲೂ ಕೂರಲು ಒಪ್ಪದ ಹಾಗೆ.
ಪಕ್ಕದ ಮನೆಗೆ ಕೇಳೀತೆಂದು
ಅಮ್ಮ ಕಿಟಕಿ ಮುಚ್ಚುತ್ತಿದ್ದಳು.

ಕುರ್ಚಿ ಎಳೆದು ಕೂತೆ.
ಇಪ್ಪತ್ತಾರು ವರ್ಷ ತಾಳ ಕಲಿಸಿದ ಕಾಲು
ತಪ್ಪಿತು. ಮತ್ತೆ ತಪ್ಪಿತು. ಮಕ್ಕಳು ಕಾದರು.
ಎಂಬುಯಿ ಸಿಟ್ಟು ಮರೆತು, ಬಗ್ಗಿ, ನನ್ನ ಬೂಟು ನೋಡಿದ.
"ಡೋಲೇ ಅದು," ಅಂದ, "ನೆಲದ್ದು."
ಇದಿಲ್ ತುಸು ಹೊತ್ತು ಯೋಚಿಸಿ
ಅಪ್ಪನ ದನಿಯಲ್ಲೇ ತೀರ್ಪು ಕೊಟ್ಟಳು:
"ಕಾಲಿಗೆ ಅಡ್ಡಿಯಿಲ್ಲ."

ಇಪ್ಪತ್ತೆರಡು ಜೊತೆ ಹಿಮದ ಬೂಟು.
ನಡುನಡುವೆ ದಾರಿ ತಪ್ಪದ ಹಾಗೆ, ಟೊಕ್.

ಕೆಳಗಿನ ಕೋಣೆಯಿಂದ ಒಬ್ಬ ಹುಡುಗ ಚೀಟಿ ತಂದ:
ದಯವಿಟ್ಟು, ನಮಗಿಲ್ಲಿ ಕಾಗುಣಿತದ ಪರೀಕ್ಷೆ.
ಕ್ಷಮೆ ಬರೆಯಲು ಪೆನ್ನು ಹುಡುಕಿದೆ.
ಬರೆಯುವಾಗ ಅಕ್ಷರ ಸೊಟ್ಟ ಸೊಟ್ಟ;
ಕಾಲು ಇನ್ನೂ ನಿಂತಿರಲಿಲ್ಲ.