ಡಿ ವರ್ಗದ ಕಡತ

ಹೋದದ್ದು ತಾಮ್ರದ ಹಂಡೆ.
ಹಿತ್ತಲ ಒಲೆಯ ಮೇಲೆ ಈಗ
ಅದರ ಬುಡದಷ್ಟೇ ಅಗಲದ ಮಸಿಯ ಬಳೆ,
ನಡುವೆ ಎರಡು ಹಿಡಿ ಬೂದಿ.

ಪೊಲೀಸಿನವರು ಕೇಳಿದರು, ‘ಕ್ಯಾಮೆರಾ ಇಲ್ವಾ ಮೇಡಂ?’
ಹಂಡೆ ಕದ್ದದ್ದಕ್ಕಿಂತ
ಅದೇ ದೊಡ್ಡ ತಪ್ಪು ಎಂಬಂತೆ.

ಡೂಂಲೈಟ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ ಸಾದಿಕನ ಅಂಗಡಿ.
ಗಾಜಿನ ಕೆಳಗೆ ಸಾಲಾಗಿ ಕಪ್ಪು ಡಬ್ಬಗಳು,
ಬೆಸುಗೆಯ ಹೊಗೆ, ಅದರ ಮೇಲೆ ಊದುಬತ್ತಿ.
‘ಕ್ಯಾಮೆರಾ ಯಾವುದಾದರೂ ನಡೆಯುತ್ತೆ ಅಕ್ಕಾ,
ಅದು ಬರೀ ಕಣ್ಣು.
ಡಬ್ಬ ನೋಡಿ ತಗೊಳ್ಳಿ. ನೆನಪೆಲ್ಲಾ ಇದರೊಳಗೆ.’

ನಾಲ್ಕು ಚಾನೆಲ್, ಎಂಟು ಚಾನೆಲ್, ಹದಿನಾರು.
ನಮ್ಮ ಯಜಮಾನರ ಬೆರಳು ನೇರ ಹದಿನಾರಕ್ಕೆ:
‘ಮುಂದೆ ಮಹಡಿ ಕಟ್ಟಿದರೆ?’
ಆ ಮಹಡಿಯ ಕಂಬಿಗಳು ಇಪ್ಪತ್ತೆರಡು ವರ್ಷದಿಂದ
ತಾರಸಿಯ ಮೇಲೆ ನಿಂತಿವೆ,
ತುಕ್ಕು ಹಿಡಿಯದಿರಲೆಂದು ತಲೆಗೊಂದು ಖಾಲಿ ಬಾಟಲಿ ಕವುಚಿಕೊಂಡು.
ಮೂಲೆ ಎಣಿಸಿದೆ: ಗೇಟು, ಹಿತ್ತಲು, ಓಣಿ, ನೀರಿನ ಸಂಪು.
ನಾಲ್ಕೇ.
ಎಂಟಕ್ಕೆ ರಾಜಿಯಾದೆವು.
ಸಂಸಾರವೆಂದ ಮೇಲೆ
ನಾಲ್ಕು ತೂತು ಖಾಲಿ ಬಿಡಬೇಕಾಗುತ್ತದೆ.

‘ಎಷ್ಟು ದಿನದ್ದು ಉಳೀಬೇಕು?’ ಎಂದ ಸಾದಿಕ.

ನನ್ನನ್ನು ಕೇಳುತ್ತಾನೆ!
ಕೋಲಾರದ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ
ಮೂವತ್ತೊಂದು ವರ್ಷ ಇದೊಂದನ್ನೇ ಮಾಡಿದವಳನ್ನು.
ಕೆಂಪು ಬಟ್ಟೆಯ ಗಂಟು ಬಿಚ್ಚಿ, ಧೂಳು ಕೊಡವಿ, ಸೀನಿ,
ಮೂಲೆಯಲ್ಲಿ ಒಂದಕ್ಷರ.
ಎ ಎಂದರೆ ಶಾಶ್ವತ.
ಬಿ, ಮೂವತ್ತು ವರ್ಷ. ಸಿ, ಹತ್ತು.
ಡಿ ಎಂದರೆ ಬೇಗ ಮರೆತುಬಿಡಬಹುದಾದದ್ದು:
ರಜೆ ಅರ್ಜಿ, ಜ್ಞಾಪನ, ‘ಕುರ್ಚಿಯ ಕಾಲು ಮುರಿದಿದೆ’.

ಒಮ್ಮೆ ಒಬ್ಬಾಕೆ ಬಂದಿದ್ದಳು, ಬಂಗಾರಪೇಟೆ ಕಡೆಯವಳು,
ತನ್ನಪ್ಪ ಬರೆದ ಅರ್ಜಿಯೊಂದು ಬೇಕೆಂದು.
ಜಮೀನಿಗಲ್ಲ. ಕೈಬರಹ ನೋಡಲಿಕ್ಕೆ.
ಡಿ ವರ್ಗ. ಸುಟ್ಟು ಎರಡು ವರ್ಷವಾಗಿತ್ತು.
ಸುಟ್ಟದ್ದಕ್ಕೆ ರಿಜಿಸ್ಟರಿನಲ್ಲಿ ನನ್ನದೇ ಸಹಿ; ಅದನ್ನೇ ತೋರಿಸಿದೆ.
ಬಹಳ ಹೊತ್ತು ನೋಡಿ
‘ನಿಮ್ಮ ಅಕ್ಷರ ಚೆನ್ನಾಗಿದೆ’ ಎಂದಳು.

ಸಾದಿಕ ಲೆಕ್ಕ ಹಾಕುತ್ತಿದ್ದ:
ಎರಡು ಟೀಬಿ ಡಿಸ್ಕು, ನಾಲ್ಕು ಕಣ್ಣು, ಹದಿನೆಂಟು ದಿನ.
ಹತ್ತೊಂಬತ್ತನೆಯ ದಿನ
ಮೊದಲನೆಯದರ ಮೇಲೆಯೇ ಬರೆದುಕೊಂಡು ಹೋಗುತ್ತದೆ,
ಯಾರ ಸಹಿಯನ್ನೂ ಕೇಳದೆ.
ಯಜಮಾನರಿಗೆ ಸಮಾಧಾನವಿಲ್ಲ.
‘ಹಾಕಿದ್ದು ಒಳಗೇ ಇರಬೇಕಪ್ಪಾ,
ನಮ್ಮ ಚೇಳಮ್ಮನ ಹುಂಡಿ ಥರ. ಅಂಥದ್ದಿಲ್ವಾ?’
‘ಆರು ಟೀಬಿ ಹಾಕ್ಬೋದು ಸಾರ್. ದುಡ್ಡು ಜಾಸ್ತಿ.’
ಹುಂಡಿಯ ಮಾತು ಅಲ್ಲಿಗೆ ನಿಂತಿತು.

ಫಿಟ್ಟಿಂಗಿಗೆ ಹುಡುಗರು ಬಂದ ದಿನ
ಓಣಿಯಾಚೆಯ ಮುನಿಲಕ್ಷ್ಮಮ್ಮ ಸೆರಗು ಸಿಕ್ಕಿಸಿ ನಿಂತಳು.
‘ನಿಮ್ ಕಳ್ಳನ್ನ ನೀವ್ ಹಿಡ್ಕಳಿ.
ನನ್ ಹೊಸ್ತಿಲು ಯಾಕೆ ನಿಮ್ ಟೀವಿನಾಗೆ?’
ನಿಜ. ಪರದೆಯ ಎಡಕ್ಕೆ ಅವಳ ಹೊಸ್ತಿಲು,
ಮಧ್ಯಾಹ್ನ ಸೊಸೆ ತಲೆ ಬಾಚಿಕೊಳ್ಳುವ ಜಗಲಿ,
ಹದಿನೆಂಟು ದಿನದ ಬಾಚಣಿಗೆ
ನಮ್ಮ ಡಬ್ಬದೊಳಗೆ.

ಹುಡುಗ ಮೌಸು ಎಳೆದು ಅಲ್ಲೊಂದು ಕಪ್ಪು ಚೌಕ ಬಿಡಿಸಿದ.
‘ಅಷ್ಟು ಜಾಗ ಇದಕ್ಕೆ ಕಾಣಲ್ಲ ಆಂಟಿ.’
ಮುನಿಲಕ್ಷ್ಮಮ್ಮ ಒಳಬಂದು ಆ ಕಪ್ಪನ್ನೇ ದಿಟ್ಟಿಸಿ,
ಸೊಸೆಯನ್ನು ಹೊರಗೆ ನಿಲ್ಲಿಸಿ ಕೈಯಾಡಿಸಲು ಹೇಳಿ,
ಕಾಣದ್ದನ್ನು ಖಾತರಿ ಮಾಡಿಕೊಂಡು
ಕಾಫಿ ಕುಡಿದು ಹೋದಳು.

ಡಬ್ಬ ಈಗ ಅಕ್ಕಿ ಡ್ರಮ್ಮಿನ ಹಿಂದೆ.
ಬೆಳಿಗ್ಗೆ ಎಲ್ಲರೂ ಪೇಪರ್ ಓದುವ ಹೊತ್ತಿಗೆ
ನಾನು ಹಿಂದಿನ ರಾತ್ರಿ ಓದುತ್ತೇನೆ, ಓಡಿಸಿ ಓಡಿಸಿ.
ಗೇಟು: ಹಾಲಿನ ಹುಡುಗ. ಸಂಪು: ಏನಿಲ್ಲ.
ಹಿತ್ತಲು, ಎರಡು ಗಂಟೆ ನಲವತ್ತು:
ಬೂದು ಬೆಳಕಿನಲ್ಲಿ ಒಂದು ಬೆಕ್ಕು ಒಲೆಯೇರಿ,
ಮೂರು ಸುತ್ತು ಸುತ್ತಿ,
ಮಸಿಯ ಬಳೆಯೊಳಗೆ ಸರಿಯಾಗಿ ಹಂಡೆಯಷ್ಟೇ ಆಗಿ ಮಲಗಿತು.

ಹಳೆ ಡೈರಿ ತೆಗೆದು ದಿನಾಂಕ, ವೇಳೆ ಬರೆದೆ.
ಮೂಲೆಯ ಅಕ್ಷರಕ್ಕೆ ಪೆನ್ನು ತಡೆಯಿತು.

‘ಹಂಡೆ ಸಿಕ್ತಾ?’ ಎಂದರು ಯಜಮಾನರು, ಬಚ್ಚಲಿನಿಂದ.