ಒಂದು ಗುಡಿಸು

ಗುರುಮಲ್ಲಣ್ಣ ಮೊನ್ನೆ ಊಟಕ್ಕೆ ಕೂತವನು
ತಟ್ಟೆ ಮುಟ್ಟದೆ ಹೇಳಿದ:
"ಮೊದಲು ಅವರಿಗೆ ಬಡಿಸು, ಚನ್ನಾಜಿ."
ನೀರಿನ ಡ್ರಮ್ಮಿನ ಪಕ್ಕ ಮೂವರಂತೆ.
ನೆನೆದ ಅಂಗಿ, ಮರ್ಯಾದಸ್ಥರು, ಗಲಾಟೆಯಿಲ್ಲ.

ಸುಣ್ಣದಕೇರಿಯಲ್ಲಿ ನಲವತ್ತು ವರ್ಷ ಮೆಸ್ಸು ನಡೆಸಿದವಳು,
ಕೂತವರನ್ನು ಬರಿಹೊಟ್ಟೆಯಲ್ಲಿ ಎಬ್ಬಿಸಿದವಳಲ್ಲ ನಾನು.
ಆದರೆ ಇವರಿಗೆ
ಎಲೆ ಎಲ್ಲಿ ಹಾಕಲಿ?

ಅವನ ಬೆರಳು ಸುಮ್ಮನಿದ್ದಾಗಲೂ
ಹೆಬ್ಬೆರಳ ಮೇಲೆ ಏನನ್ನೋ ಉರುಳಿಸುತ್ತದೆ.
ಮುದ್ರಣಾಲಯದಲ್ಲಿ ಮೂವತ್ತೊಂದು ವರ್ಷ
ಸೀಸದ ಮೊಳೆ ಹೆಕ್ಕಿದ ಬೆರಳು.

ಕೆ.ಆರ್. ಆಸ್ಪತ್ರೆಯಲ್ಲಿ ಸಬೀಹಾ ಡಾಕ್ಟರು
ಅವನದೊಂದು ಶೀಶೆ, ನನ್ನದೊಂದು ಶೀಶೆ ರಕ್ತ ಹಿಡಿದರು.
ಕೊಲೆಸಿಸ್ಟೊಕೈನಿನ್. ಮೂರು ಸಲ ಹೇಳಿಸಿಕೊಂಡೆ.
ಕರುಳಲ್ಲಿದ್ದು "ಸಾಕು" ಅನ್ನುವುದು ಅದಂತೆ,
ಸಾರಿನ ಸೌಟಿಗೆ ಅಡ್ಡ ಬರುವ ಅಂಗೈ.
ಮಿದುಳಲ್ಲೂ ಅದಕ್ಕೆ ಕೆಲಸವಿದೆ, ಪೂರ್ತಿ ತಿಳಿದವರಿಲ್ಲ.
ಅದರ ಜೀನಿನ ಹೊಸ್ತಿಲಲ್ಲಿ
ಒಂದೇ ಒಂದು ಅಕ್ಷರ ಬೇರೆಯಿದ್ದವರಿಗೆ
ಈ ನಡುಕದ ಕಾಯಿಲೆ ಬಂದರೆ
ಇಂಥ ನೆಂಟರು ಹೆಚ್ಚೇನೋ.
ಒಂದು ಕಡೆಯ ಲೆಕ್ಕ ಹೌದು ಅಂದಿದೆ, ಇನ್ನೊಂದು ಕಡೆಯದು ಒಪ್ಪಿಲ್ಲ.
"ಮಾತ್ರೆಯಿಂದಲೂ ಇರಬಹುದಮ್ಮ."
ಅವರ ಆ "ಏನೋ" ನನಗೆ ಹಿಡಿಸಿತು.

ಸಾಕು ಅನ್ನುವುದನ್ನು ಎರಡು ಥರ ಬಲ್ಲೆ:
ಅನ್ನಕ್ಕೆ ಅನ್ನುವ ಸಾಕು,
ತಬ್ಬಲಿ ಕರುವನ್ನು ಕೈಗಿಟ್ಟು ಅನ್ನುವ ಸಾಕು.
ತಲೆಗೆ ಹತ್ತಿದ ಮೇಲೆ ಅದಕ್ಕೆ
ಯಾವುದು ಯಾವುದೆಂದು ಮರೆತಿರಬೇಕು.

ದೊಡ್ಡತಾಯಮ್ಮಜ್ಜಿಗೂ ಕೈ ನಡುಗುತ್ತಿತ್ತು.
ಸಂಜೆಯಾದರೆ ಕಂಬದ ಕಡೆ ತಿರುಗಿ
"ಬಾ, ಕೂತ್ಕೊ" ಅನ್ನುತ್ತಿದ್ದಳು.
ತಲಕಾಡಿನ ಕಡೆಯಿಂದ ಮಂತ್ರದವನನ್ನು ಕರೆಸಿ
ಬೇವಿನ ಸೊಪ್ಪಲ್ಲಿ ಹೊಡೆಸಿದರು.
ಸೊಪ್ಪು ಮುರಿದು ತಂದವಳು ನಾನು.
ಏಳು ವರ್ಷ.

ರಾತ್ರಿ ಅಣ್ಣನಿಗೆ ಹೇಳಿದೆ, ಅಕ್ಷರದ ವಿಷಯ.
ನಕ್ಕ. ಪ್ರೂಫಲ್ಲಿ ತಪ್ಪು ಸಿಕ್ಕಾಗ ನಗುತ್ತಿದ್ದ ನಗು.
"ಲ ಖಾನೆಯಲ್ಲಿ ಗುಡಿಸಿರೋ ಮೊಳೆ ಒಂದು ಬೆರೆತಿತ್ತು ಅಂತಿಟ್ಕೊ.
ಇಲ್ಲ ಅಂತ ಜೋಡಿಸಿದ್ದು
ಇಲ್ಲಿ ಅಂತ ಅಚ್ಚಾಗುತ್ತೆ. ಅಷ್ಟೆ."
ಆಮೇಲೆ ಡ್ರಮ್ಮಿನ ಕಡೆ ನೋಡಿ, ದನಿ ತಗ್ಗಿಸಿ:
"ಅವರ ಮುಂದೆ ಆಡಬೇಡ."

ನನ್ನ ಶೀಶೆಯಲ್ಲಿ ಏನಿತ್ತೆಂದು ನಮಗೆ ಹೇಳುವುದಿಲ್ಲವಂತೆ,
ಅಧ್ಯಯನದ ನಿಯಮ. ಇರಲಿ.

ಬೆಳಿಗ್ಗೆ ಪೊರಕೆ ಹಿಡಿದೆ.
ಡ್ರಮ್ಮಿನ ಪಕ್ಕ ನೆಲ ಒದ್ದೆ.
ನಲ್ಲಿ ಸೋರುತ್ತದೆ, ಗೊತ್ತು,
ವಾಷರು ಬದಲಿಸಬೇಕು.
ಆದರೂ ಗುಡಿಸುವಾಗ
ಯಾರ ಕಾಲಿಗೂ ತಾಗದ ಹಾಗೆ
ಬಳಸಿ ಹೋದೆ.